ಹೊರುವ ಜೀವ, ಸಾಯುವ ಜೀವ: ಹಕ್ಕಿಜ್ವರ ಮತ್ತು ನಮ್ಮ ಅಂಗಳ

(ಜೇವರ್ಗಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ದತ್ತಿ ಉಪನ್ಯಾಸವೆಂದರೆ ನಮ್ಮ ಕಡೆ ವಚನದ ಮೇಲೋ ತತ್ವಪದದ ಮೇಲೋ ಇರುವುದು ವಾಡಿಕೆ. ಈ ಸಲ ಹಕ್ಕಿಜ್ವರದ ಬಗ್ಗೆ ಮಾತಾಡಿ, ಅದು ಯಾವ ಯಾವ ಪ್ರಾಣಿಗೆ ಅಂಟುತ್ತದೆ, ಯಾವುದು ಅದನ್ನು ಹೊತ್ತು ತಿರುಗುತ್ತದೆ ಎಂದು ತಿಳಿಸಿ ಎಂದು ಕೇಳಿದಾಗ ನನಗೆ ತುಂಬ ಸಂತೋಷವಾಯಿತು. ಪಶುವೈದ್ಯನಾಗಿ ಬಾಳಿನ ಬಹುಪಾಲು ಈ ಸೀಮೆಯಲ್ಲೇ ಕಳೆದವನು ನಾನು. ದನದ ಕೊಟ್ಟಿಗೆ, ಕುರಿ ಹಟ್ಟಿ, ಕೋಳಿಗೂಡುಗಳ ಮುಂದೆ ನಿಂತು ಆಡಿದ ಮಾತನ್ನೇ ಇಲ್ಲಿ ಸ್ವಲ್ಪ ಹೊಂದಿಸಿ ಹೇಳುತ್ತೇನೆ.

ಒಂದು ಘಟನೆಯಿಂದ ಶುರು ಮಾಡುತ್ತೇನೆ. ಭೀಮೆಯ ದಂಡೆಯ ಒಂದು ಹಳ್ಳಿ. ಹಿಂಗಾರಿ ಜೋಳ ತೆನೆ ಕಟ್ಟುವ ಕಾಲ. ಒಂದು ಎಮ್ಮೆಗೆ ಕೆಚ್ಚಲು ಬಾವು ಬಂದಿದೆ ಎಂದು ಕರೆದಿದ್ದರು, ಹೋಗಿದ್ದೆ. ಪಕ್ಕದ ಅಂಗಳದಲ್ಲಿ ಒಬ್ಬ ಆಯಿ ಬುಟ್ಟಿಯೊಂದನ್ನು ಬೋರಲು ಹಾಕಿ, ಮೇಲೊಂದು ಕಲ್ಲು ಹೇರಿ, ಅದಕ್ಕೆ ಬೆನ್ನು ಕೊಟ್ಟು ಕೂತಿದ್ದಳು. ಬುಟ್ಟಿಯ ಸಂದಿನಿಂದ ಒಂದು ರೆಕ್ಕೆ ಹೊರಗೆ ಚಾಚಿತ್ತು, ಅಲ್ಲಾಡುತ್ತಿರಲಿಲ್ಲ. ಒಂದು ಬೆಕ್ಕು ಆ ರೆಕ್ಕೆಯನ್ನು ಮೂಸುತ್ತಿತ್ತು. ನಾನು ಕಲ್ಲು ತೆಗೆದು ಬುಟ್ಟಿ ಎತ್ತಿದೆ. ಎರಡು ಜವಾರಿ ಕೋಳಿ ಸತ್ತು ಬಿದ್ದಿದ್ದವು. ಇನ್ನೊಂದು ಬದುಕಿತ್ತು, ಅದರ ಕತ್ತು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು ಕೊಕ್ಕು ಮೇಲೆ ಮಾಡಿ ನಿಂತಿತ್ತು.

"ಯಾವಾಗಿಂದ ಹಿಂಗಾಗ್ಯಾದ ಆಯಿ?" ಅಂದೆ.

"ಮನ್ನಿಯಿಂದ್ರಿ ಸಾಹೇಬ್ರ."

"ಮತ್ತ ಯಾಕ ಹೇಳಿ ಕಳಿಸಲಿಲ್ಲ?"

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಹೇಳಿದ್ರ ಉಳದ ಕೋಳಿನೂ ಒಯ್ದು ಕುಣ್ಯಾಗ ಹಾಕ್ತೀರಿ. ಹುಮನಾಬಾದ ಕಡಿ ಹಾಕಿದ್ರಂತ. ಹೇಳ್ದಿದ್ರ ನಾಕರ ಉಳಿತಾವ."

ಅಲ್ಲಿದ್ದದ್ದು ಹಕ್ಕಿಜ್ವರವಾಗಿರಲಿಲ್ಲ. ಮಾದರಿ ಕಳಿಸಿದ ಮೇಲೆ ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಎಂದು ತಿಳಿಯಿತು. ಆದರೆ ಆ ಆಯಿಯ ಮಾತು ನನ್ನ ತಲೆಯಿಂದ ಇಂದಿಗೂ ಹೋಗಿಲ್ಲ. ಹಕ್ಕಿಜ್ವರದ ವಿಷಯದಲ್ಲಿ ನಾನು ಓದಿದ್ದೆಲ್ಲ ಕೊನೆಗೆ ಆ ಬುಟ್ಟಿಯ ಮುಂದೆಯೇ ಬಂದು ನಿಲ್ಲುತ್ತದೆ. ಇಂದಿನ ಮಾತೂ ಅಲ್ಲಿಗೇ ತಿರುಗಿ ಬರುತ್ತದೆ.

ಮೊದಲು ಹೆಸರಿನ ವಿಚಾರ. ರೋಗಕ್ಕೆ ಹೆಸರಿಡುವಾಗ ನಾವು ಎಷ್ಟೋ ಸಲ ನೊಂದವನನ್ನೇ ಅಪರಾಧಿ ಮಾಡಿಬಿಡುತ್ತೇವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಹಿಂದೆಯೇ ಜನ ಜ್ವರದಿಂದ ಮಲಗಿದರು. ಅದಕ್ಕೆ ಮಂಗನ ಕಾಯಿಲೆ ಎಂದು ಹೆಸರಾಯಿತು. ಆ ವೈರಾಣುವನ್ನು ಹೊತ್ತು ಕಚ್ಚಿ ಅಂಟಿಸುವುದು ಉಣುಗು. ಮಂಗ ಪಾಪ ನಮ್ಮಂತೆಯೇ ಅದಕ್ಕೆ ಬಲಿಯಾದದ್ದು. ಮಲೆನಾಡಿನವರು ಈಗ ಕಾಡಿನಲ್ಲಿ ಮಂಗ ಸತ್ತಿತೆಂದರೆ ಅದನ್ನು ಮುನ್ಸೂಚನೆ ಎಂದು ತಿಳಿದು ಆರೋಗ್ಯ ಇಲಾಖೆಗೆ ಸುದ್ದಿ ಮುಟ್ಟಿಸುತ್ತಾರೆ. ಹಕ್ಕಿಜ್ವರದಲ್ಲೂ ಇದೇ ಮಾತು. ಹೊರುವ ಜೀವ ಬೇರೆ, ಸಾಯುವ ಜೀವ ಬೇರೆ. ಹೊರುವುದು ಸದ್ದಿಲ್ಲದೆ ಹೊರುತ್ತದೆ, ಸಾಯುವುದು ನಮಗೆ ಸುದ್ದಿ ಕೊಟ್ಟು ಸಾಯುತ್ತದೆ. ಇದೊಂದು ಭೇದ ಹಿಡಿದುಕೊಂಡರೆ ಉಳಿದದ್ದೆಲ್ಲ ಸುಲಭವಾಗಿ ತಿಳಿಯುತ್ತದೆ.

ಈ ವೈರಾಣು ಇನ್‌ಫ್ಲುಯೆಂಜಾ ‘ಎ’ ಗುಂಪಿನದು. ಅದರ ಮೈಮೇಲೆ ಎರಡು ಬಗೆಯ ಪ್ರೋಟೀನಿನ ಮುಳ್ಳುಗಳಿವೆ. ಒಂದು ಹಿಮಗ್ಲುಟಿನಿನ್, ಅದು ಜೀವಕೋಶದ ಬಾಗಿಲು ಹಿಡಿದು ಒಳಗೆ ಹೊಗಿಸುತ್ತದೆ. ಇನ್ನೊಂದು ನ್ಯೂರಮಿನಿಡೇಸ್, ಅದು ಒಳಗೆ ಹುಟ್ಟಿದ ಮರಿ ವೈರಾಣುಗಳನ್ನು ಬಿಡಿಸಿ ಹೊರಗೆ ಅಟ್ಟುತ್ತದೆ. ಎಚ್‌5ಎನ್‌1 ಎಂದು ಪತ್ರಿಕೆಯಲ್ಲಿ ಓದುತ್ತೀರಲ್ಲ, ಆ ಎಚ್ ಮತ್ತು ಎನ್ ಇವೇ. ಹಕ್ಕಿಗಳಲ್ಲಿ 16 ಬಗೆಯ ಎಚ್, 9 ಬಗೆಯ ಎನ್ ಬಹುಕಾಲದಿಂದ ಗುರುತಾಗಿವೆ. ದಕ್ಷಿಣ ಮತ್ತು ಮಧ್ಯ ಅಮೆರಿಕದ ಬಾವಲಿಗಳಲ್ಲಿ ಬೇರೆಯೇ ಎರಡು ಸಿಕ್ಕಿವೆ, ಅವು ಆ ಬಾವಲಿಗಳ ಲೋಕದವು, ನಮ್ಮ ಕೋಳಿಗೂಡಿಗೆ ಸಂಬಂಧಪಟ್ಟವಲ್ಲ.

ಇಷ್ಟೆಲ್ಲ ಬಗೆಯಲ್ಲಿ ಎಚ್‌5, ಎಚ್‌7 ಎರಡಕ್ಕೆ ಮಾತ್ರ ಯಾಕೆ ಇಷ್ಟು ಹೆದರಿಕೆ? ಕಾರಣ ಸಣ್ಣದು, ಪರಿಣಾಮ ದೊಡ್ಡದು. ವೈರಾಣುವಿನ ಎಚ್ ಮುಳ್ಳನ್ನು ಸೋಂಕು ತಗುಲಿದ ದೇಹದ ಒಂದು ಕಿಣ್ವ ಸೀಳಿದರೆ ಮಾತ್ರ ಸೋಂಕು ಮುಂದೆ ಸಾಗುತ್ತದೆ. ಸೌಮ್ಯ ತಳಿಗಳ ಮುಳ್ಳನ್ನು ಸೀಳುವ ಕಿಣ್ವ ಇರುವುದು ಹಕ್ಕಿಯ ಕರುಳು ಮತ್ತು ಉಸಿರುದಾರಿಯಲ್ಲಿ ಮಾತ್ರ. ಹಾಗಾಗಿ ಆ ಸೋಂಕು ಅಲ್ಲೇ ಉಳಿಯುತ್ತದೆ. ಎಚ್‌5, ಎಚ್‌7 ತಳಿಗಳು ಕೋಳಿಗಳ ಗುಂಪಿನಲ್ಲಿ ಹರಿದಾಡುವಾಗ ಆ ಸೀಳುವ ಜಾಗ ಬದಲಾಗಿ, ದೇಹದ ಎಲ್ಲ ಅಂಗದಲ್ಲೂ ಇರುವ ಕಿಣ್ವಕ್ಕೆ ತೆರೆದುಕೊಳ್ಳಬಹುದು. ಒಂದು ಕೋಣೆಯ ಕೀಲಿಕೈ ಇಡೀ ವಾಡೆಯ ಕೀಲಿಕೈಯಾದ ಹಾಗೆ. ಆಗ ಮಿದುಳು, ಹೃದಯ, ಮೂತ್ರಪಿಂಡ ಯಾವುದೂ ಉಳಿಯದು. ಬೆಳಿಗ್ಗೆ ಕಾಳು ಹೆಕ್ಕಿದ ಕೋಳಿ ಸಂಜೆಗೆ ಜುಟ್ಟು ನೀಲಿಗಟ್ಟಿ, ಕಾಲಿನ ಚರ್ಮದ ಕೆಳಗೆ ರಕ್ತ ಹೆಪ್ಪುಗಟ್ಟಿ ಸತ್ತಿರುತ್ತದೆ. ಎಷ್ಟೋ ಸಲ ಯಾವ ಲಕ್ಷಣವನ್ನೂ ತೋರದೆ ಸಾಯುತ್ತದೆ.

ಇನ್ನು ಹೊರುವವರ ವಿಚಾರ. ಈ ವೈರಾಣುವಿನ ತವರು ನೀರುಹಕ್ಕಿಗಳು: ಬಾತು, ಹೆಬ್ಬಾತು, ಹಂಸಗಳ ಕುಲ ಒಂದು ಕಡೆ, ಕಡಲ ದಂಡೆಯ ಗಲ್, ಟರ್ನ್, ಕೆಸರುದಂಡೆಯಲ್ಲಿ ಓಡಾಡುವ ಉಲ್ಲಂಕಿಗಳ ಕುಲ ಇನ್ನೊಂದು ಕಡೆ. ಕಾಡುಹಕ್ಕಿಯಲ್ಲಿ ಇಂಥ ವೈರಾಣು ಮೊದಲು ಸಿಕ್ಕಿದ್ದು 1961ರಲ್ಲಿ, ದಕ್ಷಿಣ ಆಫ್ರಿಕಾದ ಟರ್ನ್ ಎಂಬ ಕಡಲಹಕ್ಕಿಯಲ್ಲಿ. ಬಾತುಗಳ ಕರುಳಿನಲ್ಲಿ ಸೌಮ್ಯ ತಳಿಗಳು ಯುಗಯುಗದಿಂದ ವಾಸಿಸಿವೆ. ಬಾತಿಗೆ ಜ್ವರವಿಲ್ಲ, ಸಂಕಟವಿಲ್ಲ. ಹಿಕ್ಕೆಯ ಜೊತೆ ವೈರಾಣು ಕೆರೆಯ ನೀರಿಗೆ ಬೀಳುತ್ತದೆ, ಅದೇ ನೀರನ್ನು ಇನ್ನೊಂದು ಬಾತು ಕುಡಿಯುತ್ತದೆ. ತಣ್ಣನೆಯ ನೀರಿನಲ್ಲಿ ಅದು ವಾರಗಟ್ಟಲೆ ಬಾಳುತ್ತದೆ. ನಮ್ಮ ಬೇಸಿಗೆಯ ಬಿಸಿಲಿಗೆ ಬೇಗ ಸಾಯುತ್ತದೆ. ಕಲಬುರಗಿಯ ಬಿಸಿಲನ್ನು ಬೈಯುವವರು ಇದೊಂದು ಉಪಕಾರವನ್ನು ಅದರ ಲೆಕ್ಕಕ್ಕೆ ಬರೆಯಬೇಕು.

ಚಳಿಗಾಲದಲ್ಲಿ ಕಟ್ಟಿಸಂಗಾವಿ ಸೇತುವೆಯ ಮೇಲೆ ನಿಂತು ಭೀಮೆಯ ಕಡೆ ನೋಡಿ. ಮಡುವುಗಳಲ್ಲಿ ಬಾತುಗಳು, ಕೆಸರಿನ ಅಂಚಿನಲ್ಲಿ ಬೆಳ್ಳಕ್ಕಿ, ಕೊಕ್ಕರೆ, ಅಲ್ಲೇ ಎಮ್ಮೆಗಳ ಹಿಂಡು, ಅಲ್ಲೇ ಬಟ್ಟೆ ಒಗೆಯುವವರು. ಇದೇ ನದಿಯ ಮೇಲ್ಭಾಗದಲ್ಲಿ ಸೊಲ್ಲಾಪುರ ಸೀಮೆಯ ಉಜನಿ ಜಲಾಶಯವಿದೆ. ಅಲ್ಲಿ ರಾಜಹಂಸಗಳೂ ಪಟ್ಟೆತಲೆ ಹೆಬ್ಬಾತುಗಳೂ ಚಳಿಗಾಲ ಕಳೆಯುತ್ತವೆ. ಕೆಳಗೆ ಯಾದಗಿರಿ ಜಿಲ್ಲೆ ಸುರಪುರದ ಬೋನಾಳ ಕೆರೆ ಹಕ್ಕಿಧಾಮ. ಆಚೆ ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಆ ಕೆರೆಯ ದೊಡ್ಡ ಅತಿಥಿಯೇ ಪಟ್ಟೆತಲೆ ಹೆಬ್ಬಾತು. ಮೊಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯವನ್ನೇ ದಾಟಿ ಬರುವ ಹಕ್ಕಿ ಅದು. ಮೊಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ನಮ್ಮ ಮೈಸೂರು ಕಡೆಯ ಕೆರೆಗಳಲ್ಲಿ ಕಂಡಿವೆ.

ಹಾಗಾದರೆ ಇವೇ ರೋಗ ತಂದವೇ? ಇಲ್ಲಿ ಸ್ವಲ್ಪ ನಿಲ್ಲಬೇಕು. ಇಂದು ಜಗತ್ತನ್ನು ಸುತ್ತುತ್ತಿರುವ ಮಾರಕ ಎಚ್‌5ಎನ್‌1 ವಂಶದ ಮೂಲ ಗುರುತಾದದ್ದು 1996ರಲ್ಲಿ, ಚೀನಾದ ಗುವಾಂಗ್‌ಡಾಂಗ್ ಪ್ರಾಂತದಲ್ಲಿ, ಮನುಷ್ಯ ಸಾಕಿದ ಹೆಬ್ಬಾತಿನಲ್ಲಿ. ಮರುವರ್ಷ ಹಾಂಗ್‌ಕಾಂಗ್‌ನಲ್ಲಿ 18 ಜನರಿಗೆ ತಗುಲಿ 6 ಮಂದಿ ತೀರಿದರು. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಆರು ಸಾವಿರಕ್ಕೂ ಹೆಚ್ಚು ಕಾಡುಹಕ್ಕಿಗಳು ಸತ್ತವು, ಬಹಳಷ್ಟು ಪಟ್ಟೆತಲೆ ಹೆಬ್ಬಾತುಗಳೇ. ಅಂದರೆ ಕಾಡುಬಾತಿನ ಸೌಮ್ಯ ವೈರಾಣು ನಾವು ಗುಂಪುಗುಂಪಾಗಿ ಸಾಕಿದ ಕೋಳಿ, ಬಾತುಗಳೊಳಗೆ ಬಂದು ಮಾರಕವಾಯಿತು. ಮಾರಕವಾದದ್ದು ಮರಳಿ ಕಾಡುಹಕ್ಕಿಗೆ ಹೋಯಿತು. 2020ರ ಡಿಸೆಂಬರ್ ಕೊನೆಯಿಂದ ಹಿಮಾಚಲ ಪ್ರದೇಶದ ಪೋಂಗ್ ಜಲಾಶಯದಲ್ಲಿ ನಾಲ್ಕು ಸಾವಿರಕ್ಕೂ ಮೀರಿ ಹಕ್ಕಿಗಳು ಸತ್ತಾಗ ದಂಡೆಯುದ್ದಕ್ಕೂ ಬಿದ್ದಿದ್ದದ್ದು ಹೆಚ್ಚಾಗಿ ಇವೇ ಹೆಬ್ಬಾತುಗಳು. ನನ್ನ ತೀರ್ಪು ಕೇಳಿದರೆ, ಈ ವ್ಯವಹಾರದಲ್ಲಿ ಹೆಬ್ಬಾತಿಗಿಂತ ನಮ್ಮ ಪಾಲಿನ ಸಾಲ ದೊಡ್ಡದು. ವಲಸೆ ಹಕ್ಕಿ ದೂರದಿಂದ ಸೋಂಕು ತರಬಲ್ಲದು, ಅದು ನಿಜ. ಆದರೆ ಒಂದು ಫಾರಂನಿಂದ ಇನ್ನೊಂದಕ್ಕೆ ಅದನ್ನು ಮುಟ್ಟಿಸುವುದು ಹೆಚ್ಚಾಗಿ ತೊಳೆಯದ ಲಾರಿ, ಮರಿ ತಂದ ಪೆಟ್ಟಿಗೆ, ತತ್ತಿ ಜೋಡಿಸುವ ಟ್ರೇ, ಮೇವಿನ ಚೀಲ, ಕೆಲಸದವರ ಚಪ್ಪಲಿಯ ಅಂಟು. ಕೆರೆಯ ಹಕ್ಕಿಯನ್ನು ಓಡಿಸಬೇಕು, ಗೂಡಿರುವ ಮರ ಕಡಿಯಬೇಕು ಎಂಬ ಮಾತು ಅಲ್ಲಲ್ಲಿ ಏಳುತ್ತದೆ. ಅದು ತಪ್ಪು, ಅಪಾಯಕಾರಿ ಕೂಡ. ಓಡಿಸಿದ ಹಕ್ಕಿ ಇನ್ನೊಂದು ಕೆರೆಗೆ ಹೋಗಿ ಕೂರುತ್ತದೆ.

ಸಾಕಿದ ಬಾತುಕೋಳಿಯ ಬಗ್ಗೆ ಬೇರೆಯಾಗಿ ಹೇಳಬೇಕು. ಮಾರಕ ತಳಿ ಹೊತ್ತಾಗಲೂ ಎಷ್ಟೋ ಬಾತುಗಳು ಆರೋಗ್ಯವಾಗಿಯೇ ಕಾಣುತ್ತವೆ, ಈಜುತ್ತವೆ, ತತ್ತಿ ಇಡುತ್ತವೆ, ಹಿಕ್ಕೆಯಲ್ಲಿ ವೈರಾಣು ಚೆಲ್ಲುತ್ತ ಹೋಗುತ್ತವೆ. ತುಂಗಭದ್ರಾ, ಕೃಷ್ಣಾ ಕಾಲುವೆ ಸೀಮೆಯ ಭತ್ತದ ಗದ್ದೆಗಳಿಗೆ ಕೊಯ್ಲಾದ ಮೇಲೆ ಬಾತು ಮೇಯಿಸುವವರು ಸಾವಿರಗಟ್ಟಲೆ ಬಾತುಗಳ ಹಿಂಡು ತರುತ್ತಾರೆ. ಅವರ ಹೊಟ್ಟೆಪಾಡು ಅದು, ಯಾರೂ ತಡೆಯುವುದು ಬೇಡ. ಆ ಹಿಂಡು ನಿಂತ ಗದ್ದೆಗೆ, ಆ ಕಾಲುವೆಯ ಏರಿಗೆ ನಿಮ್ಮ ಕೋಳಿ ಬಿಡಬೇಡಿ. ಕೋಳಿ, ಬಾತು ಒಂದೇ ಗೂಡಿನಲ್ಲಿ, ಒಂದೇ ಬಾನಿಯ ನೀರಿನಲ್ಲಿ ಬೇಡವೇ ಬೇಡ.

ಈಗ ಸಾಯುವವರು. ಕೋಳಿ, ಟರ್ಕಿ, ಗಿನಿಕೋಳಿ, ಗೌಜಲಕ್ಕಿ, ನವಿಲು ಒಂದೇ ಬಳಗ. ಈ ಬಳಗಕ್ಕೆ ಮಾರಕ ತಳಿ ಹೊಕ್ಕರೆ ಉಳಿಯುವುದು ಅಪರೂಪ. ಭಾರತದಲ್ಲಿ ಇದು ಮೊದಲು ಕಂಡದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನಂದೂರ್‌ಬಾರ್ ಜಿಲ್ಲೆಯ ನವಾಪುರದ ಕೋಳಿ ಫಾರಂಗಳಲ್ಲಿ. ಕರ್ನಾಟಕದಲ್ಲಿ 2012ರ ಅಕ್ಟೋಬರಿನಲ್ಲಿ, ಬೆಂಗಳೂರಿನ ಹೆಸರಘಟ್ಟದ ಕೇಂದ್ರ ಸರ್ಕಾರದ ಕುಕ್ಕುಟ ಕೇಂದ್ರದಲ್ಲಿ. ಅಲ್ಲಿ ಮೊದಲು ಸತ್ತವು ಟರ್ಕಿಗಳು. ಬಳಿಕ ಕೋಳಿ, ಬಾತು, ಎಮು ಎಲ್ಲವನ್ನೂ ಕೊಲ್ಲಬೇಕಾಯಿತು.

ನಮ್ಮ ಬಾಗಿಲಿಗೆ ಬಂದದ್ದು 2016ರ ಮೇ ತಿಂಗಳಲ್ಲಿ. ಬೀದರ್ ಜಿಲ್ಲೆ ಹುಮನಾಬಾದ ಸಮೀಪದ ಮೋಳಕೇರಾದ ಕೋಳಿ ಫಾರಂ. ಲಕ್ಷಕ್ಕೂ ಮೀರಿದ ಕೋಳಿಗಳಿದ್ದ ಜಾಗ. ಬೀದರಿನ ಬಿಸಿಲು ಕುದಿಯುತ್ತಿದ್ದಾಗ ಕೋಳಿ ಸತ್ತರೆ ಬಿಸಿಲಿಗೆ ಸತ್ತವು ಎಂದುಕೊಳ್ಳುವುದು ಎಷ್ಟು ಸಹಜ ಎಂದು ಯೋಚಿಸಿ. ಮೇ ತಿಂಗಳಲ್ಲಿ ವಲಸೆ ಹಕ್ಕಿಗಳೂ ಇರುವುದಿಲ್ಲ, ಅವು ಮಾರ್ಚ್ ಹೊತ್ತಿಗೆ ಹೊರಟಿರುತ್ತವೆ. ಸೋಂಕು ಲಾರಿಯಲ್ಲೂ ಸಾಗುತ್ತದೆ ಎಂದೆನಲ್ಲ, ಹುಮನಾಬಾದ ಮುಂಬೈ–ಹೈದರಾಬಾದ ಹೆದ್ದಾರಿಯ ಮೇಲಿನ ಊರು ಎಂಬುದನ್ನೂ ನೆನಪಿಡಿ. ಆಯಿ ಹೇಳಿದ ಕುಣಿ ಅಲ್ಲಿಯದೇ. ಬಿಳಿ ಪೋಷಾಕು ತೊಟ್ಟ ತಂಡಗಳು ಕೋಳಿ ಕೊಂದು, ಗುಂಡಿಯಲ್ಲಿ ಸುಣ್ಣ ಹಾಕಿ ಹೂತದ್ದನ್ನು ಸುತ್ತಲ ಜನ ನೋಡಿದರು. ಆ ನೋಟ ಈ ಸೀಮೆಯ ಹಳ್ಳಿಹಳ್ಳಿಗೆ ಕತೆಯಾಗಿ ಹರಡಿತು.

ಆಮೇಲಿನದನ್ನು ಬೇಗ ಹೇಳುತ್ತೇನೆ. 2017ರ ಜನವರಿಯಲ್ಲಿ ಎಚ್‌5ಎನ್‌8 ಕಂಡು ಮೈಸೂರು ಮೃಗಾಲಯ ಒಂದು ತಿಂಗಳು ಬಾಗಿಲು ಹಾಕಿತು. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲು, ಹರಿಹರ ತಾಲ್ಲೂಕಿನ ಬನ್ನಿಕೋಡು. 2025ರ ಫೆಬ್ರವರಿ ಕೊನೆಗೆ ಚಿಕ್ಕಬಳ್ಳಾಪುರದ ವರದಹಳ್ಳಿ, ಬಳ್ಳಾರಿ ಜಿಲ್ಲೆ ಸಂಡೂರು ತಾಲ್ಲೂಕಿನ ಕುರೇಕುಪ್ಪ.

ಕಾಗೆಯನ್ನು ಮಾತ್ರ ಬೇಗ ದಾಟುವಂತಿಲ್ಲ. ಊರಿನ ಕೊಳೆತದ್ದನ್ನೆಲ್ಲ ತಿನ್ನುವುದು ಕಾಗೆ, ಹಾಗಾಗಿ ಬಯಲಿಗೆ ಎಸೆದ ಸತ್ತ ಕೋಳಿಯ ಸೋಂಕು ಮೊದಲು ಮುಟ್ಟುವುದು ಅದಕ್ಕೆ. 2011–12ರಲ್ಲಿ ಜಾರ್ಖಂಡದ ಜಮ್‌ಶೆಡ್‌ಪುರದಲ್ಲಿ ಕಾಗೆಗಳು ಸಾಲುಸಾಲಾಗಿ ಸತ್ತವು. 2021ರ ಜನವರಿಯಲ್ಲಿ ರಾಜಸ್ಥಾನ, ಮಧ್ಯಪ್ರದೇಶದಲ್ಲೂ ಮೊದಲು ಸುದ್ದಿ ಕೊಟ್ಟದ್ದು ಕಾಗೆಗಳೇ. 2025ರ ಜನವರಿಯಲ್ಲಿ ಲಾತೂರು ಜಿಲ್ಲೆಯ ಉದಗೀರದಲ್ಲಿ ಹತ್ತಾರು ಕಾಗೆಗಳು ಮರದಿಂದ ಉದುರಿ ಬಿದ್ದವು, ಎಚ್‌5ಎನ್‌1 ಎಂದು ದೃಢಪಟ್ಟಿತು. ಉದಗೀರ ನಮಗೇನು ದೂರ? ಬೀದರಿನ ಮಗ್ಗುಲು. ಕಾಗೆ ಪಿಂಡ ಮುಟ್ಟಲಿಲ್ಲವೆಂದರೆ ಚಿಂತೆಗೆ ಬೀಳುವ ಜನ ನಾವು. ಕಾಗೆಗಳು ಒಂದರ ಹಿಂದೊಂದು ಸತ್ತು ಬಿದ್ದಾಗಲೂ ಅಷ್ಟೇ ಚಿಂತೆ ಮಾಡಬೇಕು.

ಪಾರಿವಾಳದ ಬಗ್ಗೆ ಜನ ಬಹಳ ಕೇಳುತ್ತಾರೆ. ಅದಕ್ಕೆ ಸೋಂಕು ತಗುಲಬಹುದು, ಆದರೆ ಕೋಳಿಯಷ್ಟು ಸುಲಭವಾಗಿ ಅಲ್ಲ, ಹರಡುವುದೂ ಕಡಿಮೆ. ಗುಬ್ಬಿ, ಮೈನಾಗಳು ಕೋಳಿ ಫಾರಂನ ಮೇವಿಗೆ ಬಂದು ಹೋಗುವ ಕಾರಣ ಜಾಲರಿ ಬೇಕು. ಹದ್ದು, ಗೂಬೆಗಳು ಸೋಂಕಿನ ಹಕ್ಕಿಯನ್ನು ತಿಂದು ಸಾಯುತ್ತವೆ. ಜಪಾನಿನ ಕ್ಯೋಟೋದಲ್ಲಿ 2004ರಲ್ಲಿ ಫಾರಂ ಸುತ್ತಲಿನ ನೊಣಗಳಲ್ಲೂ ಈ ವೈರಾಣು ಸಿಕ್ಕಿತ್ತು. ಸತ್ತ ಕೋಳಿಯನ್ನು ತೆರೆದು ಬಿಡಬಾರದು ಎನ್ನುವುದಕ್ಕೆ ಅದೂ ಒಂದು ಕಾರಣ.

ಇಷ್ಟು ಹಕ್ಕಿಗಳ ಕತೆ. ಕಳೆದ ಇಪ್ಪತ್ತು ವರ್ಷದಲ್ಲಿ, ಅದರಲ್ಲೂ 2020ರ ಈಚೆಗೆ, ನಾಲ್ಕು ಕಾಲಿನವರ ಕತೆ ಬೆಳೆದಿದೆ. ನನಗೆ ಹೆಚ್ಚು ಕಳವಳ ಇರುವುದು ಇಲ್ಲೇ.

ಬೆಕ್ಕಿನ ಕುಲಕ್ಕೆ ಈ ವೈರಾಣು ಯಮ. 2004ರಲ್ಲಿ ಥಾಯ್ಲೆಂಡಿನ ಸಿರಾಚಾ ಹುಲಿ ಮೃಗಾಲಯದಲ್ಲಿ 441 ಹುಲಿಗಳಿದ್ದವು. ಹಸಿ ಕೋಳಿ ತಿನ್ನಿಸಿದ್ದರು. 147 ಹುಲಿಗಳು ಸತ್ತವು, ಇಲ್ಲವೆ ಕೊಲ್ಲಬೇಕಾಯಿತು. ದೂರದ ಮಾತು ಎನ್ನಬೇಡಿ. 2024ರ ಡಿಸೆಂಬರ್ ಕೊನೆಗೆ ನಾಗಪುರದ ಗೋರೆವಾಡಾ ಪುನರ್ವಸತಿ ಕೇಂದ್ರದಲ್ಲಿ ಮೂರು ಹುಲಿ, ಒಂದು ಚಿರತೆ ಎಚ್‌5ಎನ್‌1ನಿಂದ ಸತ್ತವು. ಅದರ ಬೆನ್ನಿಗೇ ಮಧ್ಯಪ್ರದೇಶದ ಛಿಂದವಾಡಾದಲ್ಲಿ ಮನೆ ಬೆಕ್ಕುಗಳಲ್ಲಿ ಸೋಂಕು ಸಿಕ್ಕಿತು. ಮನೆಯ ಬೆಕ್ಕು ಸತ್ತ ಹಕ್ಕಿಯನ್ನು ಕಚ್ಚಿ ತಂದು ಅಡುಗೆಮನೆಯ ಒಲೆಯ ಬಳಿ ಇಡುವ ಪ್ರಾಣಿ. ಮಕ್ಕಳ ತೊಡೆಯ ಮೇಲೆ ಮಲಗುವ ಪ್ರಾಣಿ. ಆ ಆಯಿಯ ಬುಟ್ಟಿಯ ಸಂದಿನ ರೆಕ್ಕೆಯನ್ನು ಮೂಸುತ್ತಿದ್ದ ಬೆಕ್ಕನ್ನು ನೆನೆದರೆ ಅದಕ್ಕೇ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ. ಸತ್ತ ಕೋಳಿಯನ್ನು ಬೆಕ್ಕಿಗೆ, ನಾಯಿಗೆ ಹಾಕುವ ರೂಢಿಯನ್ನು ದಯವಿಟ್ಟು ಬಿಡಿ. ನಾಯಿಗೆ ಸೋಂಕು ಅಪರೂಪ, ಆದರೆ ಸೋಂಕಿನ ಬಾತು ತಿಂದು ಸತ್ತ ನಾಯಿಯ ದಾಖಲೆಯೂ ಥಾಯ್ಲೆಂಡಿನಲ್ಲಿದೆ.

2024ರ ಮಾರ್ಚ್‌ನಲ್ಲಿ ಬಂದ ಸುದ್ದಿ ನಮ್ಮ ವೃತ್ತಿಯವರನ್ನೆಲ್ಲ ಬೆಚ್ಚಿಬೀಳಿಸಿತು. ಅಮೆರಿಕದ ಟೆಕ್ಸಾಸ್, ಕಾನ್ಸಾಸ್ ರಾಜ್ಯಗಳ ಹಾಲಿನ ಹಸುಗಳಲ್ಲಿ ಎಚ್‌5ಎನ್‌1. ದನಕ್ಕೆ ಇದು ಬರುತ್ತದೆ ಎಂದು ನಾವು ಓದಿದ ಪುಸ್ತಕದಲ್ಲಿ ಇರಲಿಲ್ಲ. ಹಸು ಸಾಯುವುದು ಕಡಿಮೆ. ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಹಾಲು ಗಟ್ಟಿಯಾಗಿ ಹಳದಿ ತಿರುಗಿ ಗಿಣ್ಣದ ಹಾಗೆ ಕಾಣುತ್ತದೆ. ವೈರಾಣು ಮನೆ ಮಾಡಿದ್ದು ಕೆಚ್ಚಲಿನಲ್ಲಿ. ಹಕ್ಕಿಯ ಕರುಳಿನಲ್ಲಿ ಅದು ಹಿಡಿದುಕೊಳ್ಳುವ ಕೊಂಡಿಯಂಥದೇ ಕೊಂಡಿ ಹಸುವಿನ ಕೆಚ್ಚಲಿನಲ್ಲಿ ಹೇರಳವಾಗಿದೆ. ಹಾಲು ಕರೆಯುವ ಯಂತ್ರದ ಬಟ್ಟಲುಗಳು ಒಂದು ಹಸುವಿನಿಂದ ಇನ್ನೊಂದಕ್ಕೆ ಮುಟ್ಟಿಸಿದವು. ಆ ಫಾರಂಗಳಲ್ಲಿ ಹಸಿ ಹಾಲು ಕುಡಿದ ಬೆಕ್ಕುಗಳು ಸತ್ತವು. 2025ರ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಹಿಂಡುಗಳಿಗೆ ಹರಡಿತು. ಹಾಲನ್ನು ಕಾಯಿಸಿದರೆ ವೈರಾಣು ಸಾಯುತ್ತದೆ. ಹಾಲು ಉಕ್ಕಿ ಬರುವ ತನಕ ಕಾಯಿಸುವ ನಮ್ಮ ತಾಯಂದಿರ ಪದ್ಧತಿ ಬಹಳ ಒಳ್ಳೆಯದು, ಅದನ್ನು ಯಾರೂ ಬಿಡಿಸಬೇಡಿ. ಹಸಿ ಹಾಲು ಆರೋಗ್ಯಕ್ಕೆ ಒಳ್ಳೆಯದು ಎಂದು ಮೊಬೈಲಿನಲ್ಲಿ ಯಾರಾದರೂ ಹೇಳಿದರೆ ಕೇಳಬೇಡಿ.

ಹಂದಿಯ ವಿಷಯ ಹಳೆಯದು. ಅದರ ಉಸಿರುದಾರಿಯಲ್ಲಿ ಹಕ್ಕಿಯ ವೈರಾಣುವಿಗೂ ಮನುಷ್ಯನ ಫ್ಲೂ ವೈರಾಣುವಿಗೂ ಹಿಡಿದುಕೊಳ್ಳಲು ಕೊಂಡಿಗಳಿವೆ. ಎರಡೂ ಒಂದೇ ಕೋಶದಲ್ಲಿ ಸೇರಿದರೆ ತುಂಡುಗಳನ್ನು ಅದಲುಬದಲು ಮಾಡಿಕೊಂಡು ಹೊಸದೊಂದು ಹುಟ್ಟಬಹುದು. ಅಮೆರಿಕದ ಒರೆಗಾನ್‌ನಲ್ಲಿ 2024ರ ಅಕ್ಟೋಬರಿನಲ್ಲಿ, ಕೋಳಿ ಮತ್ತು ಇತರ ಸಾಕುಪ್ರಾಣಿಗಳ ಜೊತೆ ಸಾಕಿದ ಹಂದಿಗಳಲ್ಲಿ ಎಚ್‌5ಎನ್‌1 ಕಂಡಿತು. ನಮ್ಮ ಊರುಗಳ ಬೀದಿ ಹಂದಿಗಳು ಕೋಳಿ ಅಂಗಡಿಯ ಕಸ ತಿಂದೇ ಬೆಳೆಯುತ್ತವೆ. ಆ ಕಸವನ್ನು ಮುಚ್ಚಿ ಸಾಗಿಸುವುದು ಪುರಸಭೆ, ಪಂಚಾಯಿತಿಗಳ ಕರ್ತವ್ಯ. ಜಗತ್ತಿನ ಉಳಿದ ಕಡೆ ಆಡಿನ ಮರಿ, ಕುರಿ, ಸ್ಪೇನಿನ ತುಪ್ಪಳದ ಮಿಂಕ್, ಐರೋಪ್ಯ ನರಿ, ಅಲಾಸ್ಕಾದ ಹಿಮಕರಡಿ, ಪೆರು ಮತ್ತು ಚಿಲಿಯ ಸಾವಿರಾರು ಕಡಲಸಿಂಹಗಳಿಗೂ ತಗುಲಿದೆ. ಅರ್ಜೆಂಟೀನಾದ ವಾಲ್ಡೆಸ್ ಕರಾವಳಿಯಲ್ಲಿ 2023ರಲ್ಲಿ ಆನೆಸೀಲ್ ಎಂಬ ಕಡಲಪ್ರಾಣಿಯ ಸುಮಾರು 17,000 ಮರಿಗಳು ಸತ್ತವು, ಆ ವರ್ಷ ಹುಟ್ಟಿದ ಮರಿಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು.

ಮನುಷ್ಯ? 2003ರಿಂದ 2025ರ ನಡುಭಾಗದ ತನಕ ಜಗತ್ತಿನಲ್ಲಿ ಎಚ್‌5ಎನ್‌1 ತಗುಲಿದವರು 980ಕ್ಕೂ ಸ್ವಲ್ಪ ಹೆಚ್ಚು, ಅವರಲ್ಲಿ ಹತ್ತಿರಹತ್ತಿರ ಅರ್ಧ ಜನ ತೀರಿದ್ದಾರೆ. ಇಷ್ಟು ಕಡಿಮೆ ಜನರಿಗೆ ತಗುಲಿದ್ದು ಸಮಾಧಾನ, ತಗುಲಿದವರಲ್ಲಿ ಇಷ್ಟು ಸಾವು ಆತಂಕ. ಮನುಷ್ಯರಿಂದ ಮನುಷ್ಯರಿಗೆ ಅದು ಸಲೀಸಾಗಿ ಹರಡುತ್ತಿಲ್ಲ. ಭಾರತದಲ್ಲಿ 2021ರ ಜುಲೈನಲ್ಲಿ ಹರಿಯಾಣದ ಒಬ್ಬ ಬಾಲಕ ದೆಹಲಿಯಲ್ಲಿ ತೀರಿಕೊಂಡ. 2025ರ ಮಾರ್ಚ್‌ನಲ್ಲಿ ಆಂಧ್ರದ ಪಲ್ನಾಡು ಜಿಲ್ಲೆಯ ಎರಡು ವರ್ಷದ ಮಗು ತೀರಿಕೊಂಡಿತು. ಆ ಮಗು ಹಸಿ ಕೋಳಿಮಾಂಸದ ತುಣುಕು ತಿಂದಿತ್ತು ಎಂದು ವಿಚಾರಣೆಯಲ್ಲಿ ತಿಳಿಯಿತು. ಅಡುಗೆ ಮಾಡುವಾಗ ಪಕ್ಕದಲ್ಲಿ ಕೂತ ಮಗುವಿನ ಕೈಗೆ ಹಸಿ ತುಂಡು ಸಿಗದಂತೆ ನೋಡಿಕೊಳ್ಳಿ, ಮಾಂಸ ಕೊಯ್ದ ಈಳಿಗೆ, ಮಣೆ, ಕೈ ಸಾಬೂನಿನಲ್ಲಿ ತೊಳೆಯಿರಿ. ಬೇಯಿಸಿದ ಮಾಂಸ, ಗಟ್ಟಿಯಾಗುವ ತನಕ ಕುದಿಸಿದ ತತ್ತಿ ಸುರಕ್ಷಿತ. 70 ಡಿಗ್ರಿ ಶಾಖ ಒಳತನಕ ಮುಟ್ಟಿದರೆ ವೈರಾಣು ಉಳಿಯದು. ನಮ್ಮ ಒಲೆಯ ಮೇಲಿನ ಕುದಿಯುವ ಸಾರು ಅದಕ್ಕಿಂತ ಬಹಳ ಬಿಸಿ.

ಬೆಂದ ಮಾಂಸಕ್ಕೂ ಹೆದರಿಸುವ ಗಾಳಿಮಾತು ಎಷ್ಟು ಕೊಲ್ಲುತ್ತದೆ ಎನ್ನುವುದನ್ನು ಕಲಬುರಗಿಯವರಿಗೆ ಹೇಳಬೇಕಾಗಿಲ್ಲ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ಆದದ್ದು ನಮ್ಮ ಜಿಲ್ಲೆಯಲ್ಲಿ. ಅದೇ ದಿನಗಳಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ಸುಳ್ಳು ಹಬ್ಬಿ ಕೋಳಿ ದರ ನೆಲ ಕಚ್ಚಿತು. ಗೋಕಾಕ ತಾಲ್ಲೂಕಿನ ರೈತರೊಬ್ಬರು ಸಾವಿರಾರು ಮರಿಗಳನ್ನು ಜೀವಂತ ಹೂತರು. ಆ ಮರಿಗಳಿಗೆ ಯಾವ ರೋಗವೂ ಇರಲಿಲ್ಲ.

ಈಗ ಬುಟ್ಟಿಯ ಬಳಿಗೆ ಬರುತ್ತೇನೆ. ಆಯಿಯ ಭಯ ಸುಳ್ಳೇ? ಅಲ್ಲ. ರೋಗ ದೃಢಪಟ್ಟರೆ ಸುತ್ತ ಒಂದು ಕಿಲೋಮೀಟರ್ ಒಳಗಿನ ಕೋಳಿಗಳನ್ನು, ಅಂಗಳದವೂ ಸೇರಿ, ಕೊಲ್ಲಬೇಕು. ಹತ್ತು ಕಿಲೋಮೀಟರ್ ತನಕ ಕಣ್ಗಾವಲು. ಇದಕ್ಕೆ 2009ರ ಪಶುರೋಗ ನಿಯಂತ್ರಣ ಕಾಯ್ದೆಯ ಬಲವಿದೆ. ಕೊಂದ ಕೋಳಿಗೆ, ನಾಶ ಮಾಡಿದ ತತ್ತಿ ಮತ್ತು ಮೇವಿಗೆ ಪರಿಹಾರವೂ ಇದೆ, ಕೇಂದ್ರ ಮತ್ತು ರಾಜ್ಯ ಅರ್ಧರ್ಧ ಭರಿಸುತ್ತವೆ. ಆದರೆ ಒಂದು ಮಾತು ಜನಕ್ಕೆ ತಲುಪಿಲ್ಲ. ಪರಿಹಾರ ಸಿಗುವುದು ಕೊಂದ ಕೋಳಿಗೆ, ತಾನಾಗಿ ಸತ್ತ ಕೋಳಿಗೆ ಸಿಗುವುದಿಲ್ಲ. ಮುಚ್ಚಿಟ್ಟು ಕೂತಷ್ಟೂ ಸಾಯುವವು ಹೆಚ್ಚು, ಕೈಗೆ ಬರುವ ಹಣ ಕಡಿಮೆ. ಮೊದಲ ದಿನವೇ ಹೇಳಿದವರಿಗೇ ಲಾಭ.

ಸರ್ಕಾರಕ್ಕೂ ನನ್ನದೊಂದು ಮಾತಿದೆ. ಜವಾರಿ ಕೋಳಿ ಮತ್ತು ಫಾರಂ ಕೋಳಿ ಒಂದೇ ಅಲ್ಲ. ಸಂತೆಯಲ್ಲಿ ಜವಾರಿ ಹುಂಜದ ಬೆಲೆ ಫಾರಂ ಕೋಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಅದು ಆಯಿಯಂಥವರ ಬ್ಯಾಂಕು. ಮೊಮ್ಮಗನ ಪುಸ್ತಕಕ್ಕೆ, ಔಷಧಕ್ಕೆ, ಮನೆಗೆ ಬಂದ ಬೀಗರ ಊಟಕ್ಕೆ ಆ ಹುಂಜವೇ ಆಸರೆ. ಅದರ ಪರಿಹಾರ ಸಂತೆಯ ದರಕ್ಕೆ ಸಮನಾಗಿರಬೇಕು, ಕೊಂದ ದಿನವೇ ಅಂಗಳದಲ್ಲೇ ಕೈಗೆ ಬರಬೇಕು. ಹೀಗಾದ ಮರುದಿನದಿಂದ ಈ ಸೀಮೆಯಲ್ಲಿ ಒಂದು ಬುಟ್ಟಿಯೂ ಬೋರಲಾಗಿರುವುದಿಲ್ಲ ಎಂದು ನಾನು ಖಂಡಿತ ಹೇಳಬಲ್ಲೆ.

ಹೇಳಿದ ಮೇಲೆ ಏನಾಗುತ್ತದೆ ಎನ್ನುವುದನ್ನೂ ತಿಳಿಸುತ್ತೇನೆ, ತಿಳಿಯದಿದ್ದರೆ ಭಯ ಹೋಗುವುದಿಲ್ಲ. ಪಶುವೈದ್ಯರು ಕೈಗವಸು, ಮುಖಗವಸು ಹಾಕಿ ಬರುತ್ತಾರೆ. ಹತ್ತಿ ಸುತ್ತಿದ ಕಡ್ಡಿಯೊಂದನ್ನು ಕೋಳಿಯ ಗಂಟಲಲ್ಲಿ, ಇನ್ನೊಂದನ್ನು ಗುದದ್ವಾರದಲ್ಲಿ ಮೃದುವಾಗಿ ತಿರುಗಿಸಿ ತೆಗೆಯುತ್ತಾರೆ. ದ್ರವವಿರುವ ಸಣ್ಣ ಸೀಸೆಗೆ ಹಾಕಿ, ಮೂರು ಸುತ್ತು ಪೊಟ್ಟಣ ಕಟ್ಟಿ, ಐಸ್ ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತಾರೆ. ಬೆಂಗಳೂರಿನ ಹೆಬ್ಬಾಳದಲ್ಲಿ ನಮ್ಮ ರಾಜ್ಯದ ಪಶು ಆರೋಗ್ಯ ಸಂಸ್ಥೆಯಿದೆ. ಕೊನೆಯ ತೀರ್ಮಾನ ಭೋಪಾಲದ ರಾಷ್ಟ್ರೀಯ ಉನ್ನತ ಸುರಕ್ಷತಾ ಪಶುರೋಗ ಸಂಸ್ಥೆಯದು. ಫಲಿತಾಂಶ ಬರುವ ತನಕ ಯಾರೂ ಯಾವ ಕೋಳಿಯನ್ನೂ ಕುಣಿಗೆ ಹಾಕುವುದಿಲ್ಲ. ಕತ್ತು ತಿರುಚಿದ ಮಾತ್ರಕ್ಕೆ, ಜುಟ್ಟು ನೀಲಿಯಾದ ಮಾತ್ರಕ್ಕೆ ಇದೇ ರೋಗವೆಂದು ನಾನೂ ಹೇಳಲಾರೆ, ನೀವೂ ಹೇಳಲಾರಿರಿ. ಆಯಿಯ ಮನೆಯದು ಕೊಕ್ಕರೆ ರೋಗವೆಂದು ತಿಳಿದ ಮೇಲೆ ಆಕೆಯ ಉಳಿದ ನಾಲ್ಕು ಕೋಳಿಗಳೂ ಆಕೆಯ ಬಳಿಯೇ ಉಳಿದವು. ಊರಿನ ಬೇರೆ ಮನೆಗಳ ಆರೋಗ್ಯವಂತ ಕೋಳಿಗಳಿಗೆಲ್ಲ ಮುಂದಿನ ವಾರ ಆ ರೋಗದ ಲಸಿಕೆ ಹಾಕಿದೆವು. ಆಕೆಯೇ ಮನೆಮನೆಗೆ ಹೋಗಿ ಜನರನ್ನು ಕರೆದು ತಂದಳು.

ಇಷ್ಟು ನೆನಪಿಡಿ. ಎರಡು ಮೂರು ದಿನದೊಳಗೆ ಅಂಗಳದ ಕೋಳಿಗಳು ಒಂದರ ಹಿಂದೊಂದು ಸತ್ತರೆ, ಕೆರೆಯ ದಂಡೆಯಲ್ಲಿ ಬಾತು, ಕೊಕ್ಕರೆಗಳು ಬಿದ್ದಿದ್ದರೆ, ಬೇವಿನ ಮರದ ಕೆಳಗೆ ನಾಲ್ಕಾರು ಕಾಗೆ ಸತ್ತಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಕೊಯ್ಯಬೇಡಿ, ಮಾರಬೇಡಿ, ನದಿಗೆ ಎಸೆಯಬೇಡಿ, ಬೆಕ್ಕನ್ನು ಒಳಗೆ ಕಟ್ಟಿಹಾಕಿ. ಸತ್ತ ಹಕ್ಕಿಯ ಜೊತೆ ಒಡನಾಡಿದವರಿಗೆ ಜ್ವರ, ಕೆಮ್ಮು, ಕಣ್ಣು ಕೆಂಪು ಬಂದರೆ ವೈದ್ಯರ ಬಳಿ ಹೋದಾಗ ಹಕ್ಕಿ ಮುಟ್ಟಿದ್ದನ್ನು ಮೊದಲು ಹೇಳಿ. ಹತ್ತಿರದ ಪಶು ಆಸ್ಪತ್ರೆ ದೂರವಾದರೆ ಪಶು ಸಂಜೀವಿನಿ ಸಹಾಯವಾಣಿಯ 1962ಕ್ಕೆ ಕರೆ ಮಾಡಿ. ಆ ಕರೆಗೆ ದುಡ್ಡು ಬೀಳುವುದಿಲ್ಲ.